ಮಾರ್ಚ್‌ನಿಂದ ಸುವಾನ್‌ನಲ್ಲಿ ಶಾಲೆ: ಮಕ್ಕಳಿಗೆ ಕೊರಿಯನ್ ಎಲ್ಲಿಂದ ಶುರು ಮಾಡಿಸಲಿ?

ಸರಸ್ವತಿಪುರಂ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕಂಪನಿಯವರು ಕೊರಿಯಾದ ಸುವಾನ್‌ನಲ್ಲಿ ಮೂರು ವರ್ಷದ ಕೆಲಸ ಕೊಟ್ಟಿದ್ದಾರೆ. ಅವರು ಆಗಲೇ ಹೋಗಿ ಮನೆ ನೋಡುತ್ತಿದ್ದಾರೆ. ನಾನೂ ಮಕ್ಕಳೂ ಫೆಬ್ರವರಿಯಲ್ಲಿ ಹೊರಡುತ್ತೇವೆ. ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು. ಇಂಟರ್‌ನ್ಯಾಷನಲ್ ಸ್ಕೂಲಿನ ಫೀಸು ಕೇಳಿಯೇ ಆ ಯೋಚನೆ ಬಿಟ್ಟೆವು. ಅಲ್ಲಿಯ ಸರ್ಕಾರಿ ಶಾಲೆಗೇ ಸೇರಿಸುವುದು ಅಂತ ತೀರ್ಮಾನ.

ಈಗ ದಸರಾ ರಜೆ. ಕೈಯಲ್ಲಿ ನಾಲ್ಕೈದು ತಿಂಗಳಿದೆ. ಮಗಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಕಲಿಯುತ್ತಿದ್ದಾಳೆ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾಳೆ. ಕೊರಿಯನ್ ಹಾಡಿನ ತಂಡ ಬಿಟಿಎಸ್‌ನವರ ಹಾಡು ಪೂರ್ತಿ ಹೇಳುತ್ತಾಳೆ, ಒಂದು ಸಾಲಿಗೂ ಅರ್ಥ ಗೊತ್ತಿಲ್ಲ. ಮಗನದು ಬೇರೆ ಕಥೆ. ಪುಸ್ತಕ ತೆಗೆದರೆ ಸಾಕು, ಎದ್ದು ಓಡುತ್ತಾನೆ. ನಮ್ಮ ಅತ್ತೆಯವರ ಚಿಂತೆ ಇನ್ನೊಂದು: "ಕನ್ನಡ ಓದೋಕೇ ತಡವರಿಸ್ತಾವೆ, ಅದರ ಮೇಲೆ ಇದೊಂದು ಬೇರೆ."

ನನಗೆ ತಿಳಿಯಬೇಕಿರುವುದು ಇಷ್ಟು. ಎಲ್ಲಿಂದ ಶುರು ಮಾಡಲಿ? ಏನಾದರೂ ಪರೀಕ್ಷೆ ಬರೆಸಬೇಕಾ? ಅಲ್ಲಿಯ ಶಾಲೆಯ ರೀತಿನೀತಿ ಏನು? ನಾವು ಸಸ್ಯಾಹಾರಿಗಳು, ಊಟದ ಗತಿ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ ಹೈದ:

ಅಕ್ಕಾ, ಸುಮ್ನೆ ಟೆನ್ಷನ್ ಮಾಡಿಕೊಳ್ಳಬೇಡಿ. ಮಕ್ಕಳು ಅಲ್ಲಿಗೆ ಹೋದ ಮೇಲೆ ತಾವೇ ಕಲಿಯುತ್ತವೆ. ಅಮ್ಮನಿಗೆ ಅವರು ಒಮ್ಮಾ ಅನ್ನುತ್ತಾರೆ, ಅಪ್ಪನಿಗೆ ಆಪ್ಪಾ. ನಮ್ಮ ದ್ರಾವಿಡ ಭಾಷೆಯಿಂದಲೇ ಅವರದು ಹುಟ್ಟಿದ್ದು ಅಂತ ಯೂಟ್ಯೂಬಿನಲ್ಲಿ ನೋಡಿದ್ದೆ. ಅಯೋಧ್ಯೆಯ ರಾಜಕುಮಾರಿ ಬೇರೆ ಅಲ್ಲಿಯ ರಾಣಿ ಆಗಿದ್ದಳಂತೆ. ನೆಂಟರ ಮನೆಗೆ ಹೋದ ಹಾಗೆ ಹೋಗಿ ಬನ್ನಿ.

ಬನಶಂಕರಿ ಟೀಚರ್:

ಹೈದ ಅವರೇ, ನೆಂಟಸ್ತಿಕೆಯ ಕಥೆ ಕೇಳಲು ಚೆನ್ನಾಗಿದೆ. ಪಾಠಕ್ಕೆ ಒದಗುವುದಿಲ್ಲ, ಅಷ್ಟೆ. ರಾಣಿಯ ಕಥೆ 13ನೇ ಶತಮಾನದ ಸಮ್‌ಗುಕ್ ಯುಸಾ ಎಂಬ ಕೊರಿಯಾದ ಗ್ರಂಥದಲ್ಲಿ ಬರುವ ಐತಿಹ್ಯ. ಅದರಲ್ಲಿ ಅವಳ ಊರು ಅಯುತ. ಅದೇ ಅಯೋಧ್ಯೆ ಅಂತ ನಂಬುವವರು ಇದ್ದಾರೆ. ದ್ರಾವಿಡ ನಂಟಿನ ಮಾತೂ ಹೊಸದಲ್ಲ. 1905ರಲ್ಲೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮಿಷನರಿ ಅದರ ಬಗ್ಗೆ ಬರೆದಿದ್ದರು. ಈಗಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಆದರೆ ವಾಕ್ಯ ಕಟ್ಟುವ ರೀತಿ ಮಾತ್ರ ನಿಜವಾಗಿ ನಮ್ಮ ಹಾಗೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಮ್ಮ ಅವರೇ, ನಾನು ಸುವಾನ್‌ನಲ್ಲಿ ಕೆಲವು ವರ್ಷ ಇದ್ದವಳು. ನನ್ನ ಮಗ ಅಲ್ಲಿಯ ಸರ್ಕಾರಿ ಶಾಲೆಯಲ್ಲೇ ಓದಿದ. ಈಗ ಶನಿವಾರ ಶನಿವಾರ ಮನೆಯಲ್ಲೇ ಮಕ್ಕಳಿಗೆ ಕೊರಿಯನ್ ಹೇಳಿಕೊಡುತ್ತೇನೆ. ಕೆಲವರು ಹಾಡಿನ ಹುಚ್ಚಿಗೆ ಬರುತ್ತಾರೆ, ಕೆಲವರು ನಿಮ್ಮ ಹಾಗೆ ಹೊರಡಲು ನಿಂತವರು. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಇಂಗ್ಲಿಷ್ ದಾರಿ ಬಿಡಿ. ಕನ್ನಡದ ಮಕ್ಕಳಿಗೆ ಕೊರಿಯನ್‌ಗೆ ಹೋಗಲು ಹತ್ತಿರದ ದಾರಿ ಕನ್ನಡದಲ್ಲೇ ಇದೆ. ಎಲ್ಲ ಆ್ಯಪ್‌ಗಳೂ ಇಂಗ್ಲಿಷ್ ಊರನ್ನು ಸುತ್ತಿಸಿಕೊಂಡು ಕರೆದುಕೊಂಡು ಹೋಗುತ್ತವೆ.

ನಿಮ್ಮ ಮಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದನ್ನು ಈ ವಾರವೇ ನಿಲ್ಲಿಸಿ. ಯಾಕೆ ಅಂದರೆ, ರಾಜಧಾನಿಯ ಹೆಸರನ್ನೇ ನೋಡಿ. ಇಂಗ್ಲಿಷ್ ನೋಡಿಕೊಂಡು ನಾವು ಸಿಯೋಲ್ ಅನ್ನುತ್ತೇವೆ. ಅವರು ಹೇಳುವುದು ಸೊ-ಉಲ್, ಎರಡೇ ತುಂಡು. ಅಲ್ಲಿಯೂ ಆ ಮೊದಲ ಸ್ವರ ನಮ್ಮ ಒ ಅಲ್ಲ. ಒ ಹೇಳುವಾಗ ತುಟಿ ದುಂಡಗೆ ಮಾಡುತ್ತೇವಲ್ಲ, ಹಾಗೆ ಮಾಡದೆ ಬಾಯಿ ಸ್ವಲ್ಪ ತೆರೆದೇ ಇಟ್ಟು ಹೇಳಬೇಕು. ಕೊರಿಯನ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಅಕ್ಷರ. ಇಲ್ಲಿ ನಾನು ಬೇರೆ ದಾರಿಯಿಲ್ಲದೆ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಮಾತ್ರ ಕೊರಿಯನ್ ಪದದ ಕೆಳಗೆ ಕನ್ನಡವೂ ಬೇಡ, ಇಂಗ್ಲಿಷೂ ಬೇಡ. ಅವರ ಲಿಪಿ, ಹಂಗುಲ್, ಅದೊಂದೇ ಇರಲಿ.

ಲಿಪಿಗೆ ಹೆದರಬೇಡಿ. ಸೆಜೊಂಗ್ ರಾಜ 1443ರಲ್ಲಿ ರೂಪಿಸಿ 1446ರಲ್ಲಿ ಜನಕ್ಕೆ ಕೊಟ್ಟ ಲಿಪಿ ಅದು. ಅದಕ್ಕೆ ಮುಂಚೆ ಚೀನೀ ಅಕ್ಷರ ಕಲಿತವರಿಗೆ ಮಾತ್ರ ಓದು ಬರಹ. ಈಗ ಬಳಸುವ ಮೂಲ ಅಕ್ಷರ 24: ವ್ಯಂಜನ 14, ಸ್ವರ 10. ಜಾಣನಾದವನು ಬೆಳಗು ಮುಗಿಯುವುದರೊಳಗೆ ಕಲಿತಾನು, ದಡ್ಡನಾದರೂ ಹತ್ತು ದಿನದಲ್ಲಿ ಕಲಿತಾನು ಅಂತ ರಾಜನ ವಿದ್ವಾಂಸರಲ್ಲಿ ಒಬ್ಬರಾದ ಜೊಂಗ್ ಇನ್‌ಜಿ ಆಗಲೇ ಬರೆದಿದ್ದರು. ಐದನೇ ಕ್ಲಾಸಿನ ಹುಡುಗಿಗೆ ಒಂದು ವಾರ ಧಾರಾಳ.

ಹೇಗೆ ಹೇಳಿಕೊಡುವುದು ಅಂದರೆ, ಒಂದು ಕನ್ನಡಿ ಕೊಡಿ. ನ್ ಅಂತ ಹೇಳಿ ನಾಲಗೆ ಎಲ್ಲಿ ಹೋಯಿತು ನೋಡಲಿ. ತುದಿ ಮೇಲಕ್ಕೆ ಹೋಗಿ ಹಲ್ಲಿನ ಹಿಂದೆ ತಗುಲುತ್ತದೆ. ಅವರ ನ್ ಅಕ್ಷರ ಆ ನಾಲಗೆಯ ಚಿತ್ರವೇ, ಇಂಗ್ಲಿಷಿನ ಎಲ್ ಥರ ಕಾಣುತ್ತದೆ. ಗ್ ಹೇಳುವಾಗ ನಾಲಗೆಯ ಬುಡ ಮೇಲೆ ಹೋಗಿ ಗಂಟಲು ಮುಚ್ಚುತ್ತದೆ. ಆ ಅಕ್ಷರ 7ರ ಅಂಕಿಯ ಹಾಗಿದೆ. ಮ್ ಬಾಯಿ, ಒಂದು ಚೌಕ. ಇಲ್ಲಿಂದ ಮುಂದೆ ಗೀಟು ಸೇರಿಸುತ್ತಾ ಹೋಗುವುದು. ಗ್‌ಗೆ ಒಂದು ಗೀಟು ಎಳೆದರೆ ಖ್. ನಮ್ಮಲ್ಲೂ ಪ ಕೆಳಗೆ ಗೀಟು ಹಾಕಿದರೆ ಫ, ದ ಕೆಳಗೆ ಹಾಕಿದರೆ ಧ ಆಗುತ್ತದಲ್ವಾ? ಅದನ್ನೇ ತೋರಿಸಿ. ಮಹಾಪ್ರಾಣ ಅಂದರೆ ಏನು ಅಂತ ಇಂಗ್ಲಿಷ್ ಆ್ಯಪ್ ಅರ್ಧ ಪುಟ ಬರೆಯುತ್ತದೆ. ಕನ್ನಡ ಕಾಗುಣಿತ ಬಂದ ಮಗುವಿಗೆ ಒಂದು ಮಾತು ಸಾಕು.

ಇನ್ನು ಸೊನ್ನೆ. ಅವರಿಗೂ ಸೊನ್ನೆ ಇದೆ. ಕೆಳಗೆ ಬಂದರೆ ನಮ್ಮ 'ಅಂಗಡಿ'ಯ ಸೊನ್ನೆಯ ಉಚ್ಚಾರಣೆಯೇ. ಮೇಲೆ ಬಂದರೆ ಸುಮ್ಮನೆ ಜಾಗ ತುಂಬುವುದಕ್ಕೆ, ಶಬ್ದವಿಲ್ಲ.

ಒಂದು ಕಡೆ ಮಾತ್ರ ಕನ್ನಡವೇ ಮಕ್ಕಳ ಕಾಲು ಎಳೆಯುತ್ತದೆ. ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ನನ್ನ ಕ್ಲಾಸಿನಲ್ಲಿ ಕಂಡದ್ದು. ಕೊರಿಯನ್‌ನಲ್ಲಿ ಒಂದು ಉಚ್ಚಾರದ ಅಕ್ಷರಗಳನ್ನೆಲ್ಲ ಒಂದೇ ಚೌಕದಲ್ಲಿ ಕೂರಿಸುತ್ತಾರೆ. ಹನ್ ಅಂದರೆ ಮೇಲೆ ಹ್, ಪಕ್ಕದಲ್ಲಿ ಅ, ಕೆಳಗೆ ನ್. ಕನ್ನಡ ಚೆನ್ನಾಗಿ ಓದುವ ಮಕ್ಕಳು ಕೆಳಗಿನ ಅಕ್ಷರ ಕಂಡ ಕೂಡಲೇ ಒತ್ತಕ್ಷರ ಅಂದುಕೊಂಡು 'ಹ್ನ' ಅಂತ ಓದುತ್ತಾರೆ! ಇಂಗ್ಲಿಷ್ ಮಾತ್ರ ಬರುವ ಮಕ್ಕಳು ಹೀಗೆ ಓದುವುದನ್ನು ನಾನು ನೋಡಿಲ್ಲ. ಮೊದಲ ದಿನವೇ ಹೇಳಿಬಿಡಿ: ನಮ್ಮ ಒತ್ತಕ್ಷರ ಸ್ವರಕ್ಕೆ ಮುಂಚೆ, ಅವರದು ಸ್ವರ ಆದ ಮೇಲೆ.

ಇದಕ್ಕೆ ನನ್ನ ಹತ್ತಿರ ಒಂದು ಕಾರ್ಡ್ ಇದೆ. ಒಂದು ರಟ್ಟಿನ ಮೇಲೆ 'ಗೊಮ್' ಅಂತ ದಪ್ಪಗೆ ಬರೆಯಿರಿ. ಗೊಮ್ ಅಂದರೆ ಕರಡಿ. ಮೇಲೆ ಗ್, ನಡುವೆ ಒ, ಕೆಳಗೆ ಮ್‌ನ ಚೌಕ. ಈಗ ರಟ್ಟನ್ನು ತಲೆಕೆಳಗು ಮಾಡಿ. ಚೌಕ ಮೇಲೆ ಬಂತು, ಒ ತಿರುಗಿ ಉ ಆಯಿತು, 7ರ ಆಕಾರದ ಗ್ ತಿರುಗಿ ನ್ ಆಯಿತು. ಓದಿದರೆ 'ಮುನ್', ಅಂದರೆ ಬಾಗಿಲು. ಕರಡಿ ಹೋಗಿ ಬಾಗಿಲು ಬಂತು. ನಿಮ್ಮ ಮಗ ಪುಸ್ತಕ ಕಂಡರೆ ಓಡುತ್ತಾನಲ್ಲ, ಅವನಿಗೆ ಈ ಕಾರ್ಡ್ ಕೊಟ್ಟು ನೋಡಿ. ಮನೆಗೆ ಬಂದವರಿಗೆಲ್ಲ ತಿರುಗಿಸಿ ತೋರಿಸುತ್ತಾನೆ.

ಉಚ್ಚಾರಣೆಯಲ್ಲಿ ಮಕ್ಕಳು ಕೇಳುವ ಮೊದಲ ಪ್ರಶ್ನೆ "ಮಿಸ್, ಇದು ಕ-ನಾ ಗ-ನಾ?" ಎರಡೂ. ಪದದ ಮೊದಲಲ್ಲಿ ಕ ಥರ ಕೇಳುತ್ತದೆ, ಎರಡು ಸ್ವರದ ನಡುವೆ ಗ. ಊರಿನ ಹೆಸರು ಒಂದು ಕಡೆ ಪುಸಾನ್, ಇನ್ನೊಂದು ಕಡೆ ಬುಸಾನ್ ಅಂತ ಕಾಣುವುದು ಇದಕ್ಕೇ. ಕ್ಲಾಸಿನಲ್ಲಿ ತಮಿಳು ಮನೆಮಾತಿನ ಮಕ್ಕಳಿದ್ದರೆ ಅವರಿಗೆ ಇದು ಪ್ರಶ್ನೆಯೇ ಅಲ್ಲ. ಅವರ ಲಿಪಿಯಲ್ಲೂ ಹಾಗೇ.

ಕಷ್ಟವಾಗುವುದು ಬಿಗಿ ವ್ಯಂಜನ. ಬಾಂಗ್ ಅಂದರೆ ಕೋಣೆ, ಪ್ಪಾಂಗ್ ಅಂದರೆ ಬ್ರೆಡ್. ತಪ್ಪು ಹೇಳಿದರೆ ಕೋಣೆ ತಿಂದ ಹಾಗೆ ಆಗುತ್ತದೆ. ಬಾಯಿ ಮುಂದೆ ಒಂದು ತೆಳು ಕಾಗದ ಹಿಡಿಸಿ. ಫ ಹೇಳಿದರೆ ಕಾಗದ ಹಾರಬೇಕು, ಪ್ಪ ಹೇಳಿದರೆ ಅಲ್ಲಾಡಲೇಬಾರದು. ನಮ್ಮ 'ತಪ್ಪು', 'ಅಕ್ಕ' ಅನ್ನುವಾಗ ಬಾಯಿ ಹೇಗೆ ಬಿಗಿಯಾಗುತ್ತದೋ ಹಾಗೆ. ಪದದ ಮೊದಲಲ್ಲೇ ಅದು ಬರಬೇಕು, ಅದೇ ಅಭ್ಯಾಸ.

ಈಗ ವಾಕ್ಯಕ್ಕೆ ಬರೋಣ. "ಚಿಬೆಸೊ ಬಾಬುಲ್ ಮೊಗೊಯೊ." ಚಿಪ್ ಮನೆ, ಎಸೊ ಅಲ್ಲಿ, ಬಾಪ್ ಅನ್ನ, ಉಲ್ ಅನ್ನು, ಮೊಗೊಯೊ ತಿನ್ನುತ್ತೇನೆ. ಮನೆಯಲ್ಲಿ ಅನ್ನವನ್ನು ತಿನ್ನುತ್ತೇನೆ. ಒಂದು ಪದವೂ ಜಾಗ ಬದಲಿಸಬೇಕಾಗಿಲ್ಲ. 'ನಾನು' ಅಂತ ಹೇಳದೆ ಬಿಡುವುದೂ ನಮ್ಮ ಹಾಗೆ. ನಮಗಿಂತ ಸುಲಭದ್ದೂ ಒಂದಿದೆ. ತಿನ್ನುತ್ತೇನೆ, ತಿನ್ನುತ್ತಾಳೆ, ತಿನ್ನುತ್ತಾರೆ ಅಂತ ಬೇರೆ ಬೇರೆ ಇಲ್ಲ, ಎಲ್ಲಕ್ಕೂ ಮೊಗೊಯೊ. ಇದನ್ನೇ ಇಂಗ್ಲಿಷಿನಿಂದ ಕಲಿತರೆ ಪ್ರತಿ ವಾಕ್ಯವನ್ನೂ ಹಿಂದುಮುಂದು ಮಾಡಬೇಕು. ಅದಕ್ಕೇ ನಿಮ್ಮ ಅತ್ತೆಯವರಿಗೆ ಹೇಳಿ, ಕೊರಿಯನ್ ಕಲಿಯುವಾಗ ಮಕ್ಕಳ ಕನ್ನಡವೂ ಕೆಲಸ ಮಾಡುತ್ತದೆ. ವಿಭಕ್ತಿ ಪ್ರತ್ಯಯ ಅಂದರೆ ಏನು ಅಂತ ನನ್ನ ಕ್ಲಾಸಿನ ಕೆಲವು ಮಕ್ಕಳಿಗೆ ಅರ್ಥವಾದದ್ದೇ ಕೊರಿಯನ್‌ನಲ್ಲಿ.

ಪರೀಕ್ಷೆ ಬೇಡವೇ ಬೇಡ. ಟೋಪಿಕ್ ಅಂತ ಒಂದಿದೆ. ಅದರ ಮೊದಲ ಹಂತದಲ್ಲಿ 70 ಪ್ರಶ್ನೆ, 200 ಅಂಕ. ಕಾಲೇಜು, ಕೆಲಸ, ವೀಸಾ ಅಂತ ಹೋಗುವ ದೊಡ್ಡವರಿಗೆ ಅದು. ಪ್ರೈಮರಿ ಶಾಲೆಯವರು ಕೇಳುವುದಿಲ್ಲ. ಮನೆಯಲ್ಲಿ ನೀವೂ ಕಲಿಯಬೇಕು ಅನ್ನಿಸಿದರೆ ಕಿಂಗ್ ಸೆಜೊಂಗ್ ಇನ್‌ಸ್ಟಿಟ್ಯೂಟ್‌ನವರ ಆನ್‌ಲೈನ್ ಪಾಠ ಪುಕ್ಕಟೆ ಸಿಗುತ್ತದೆ.

ಯೊಂಗ್‌ತೊಂಗ್ ಅಪ್ಪ:

ಸುವಾನ್‌ನಿಂದ ಬರೆಯುತ್ತಿದ್ದೇನೆ. ಟೀಚರ್ ಭಾಷೆ ಹೇಳಿದ್ದಾರೆ, ನಾನು ಶಾಲೆ ಹೇಳುತ್ತೇನೆ. ನನ್ನ ಮಗಳು ಇಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಳೆ.

ಮೊದಲು ಕಾಗದ ಪತ್ರ. ಮಕ್ಕಳ ಶಾಲೆಯ ದಾಖಲೆ, ಟಿಸಿ, ಜನನ ಪ್ರಮಾಣಪತ್ರ, ಎಲ್ಲಕ್ಕೂ ಭಾರತದಲ್ಲೇ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶದವರಿಗೆ ತೋರಿಸಲು ಸರ್ಕಾರ ಹಾಕುವ ಮುದ್ರೆ) ಮಾಡಿಸಿಕೊಂಡು ಬನ್ನಿ. ಇಲ್ಲಿಂದ ಮಾಡಿಸುವುದು ತಲೆನೋವು. ಲಸಿಕೆ ಕಾರ್ಡ್ ಮರೆಯಬೇಡಿ. ಕ್ಲಾಸು ಹುಟ್ಟಿದ ವರ್ಷದ ಲೆಕ್ಕ, ಜನವರಿಯಿಂದ ಡಿಸೆಂಬರ್ ಒಂದು ಬ್ಯಾಚು. ಹಾಗಾಗಿ ನಮ್ಮ ಕ್ಲಾಸಿಗೂ ಇಲ್ಲಿಯದಕ್ಕೂ ಸ್ವಲ್ಪ ಆಚೀಚೆ ಆಗಬಹುದು. ಶಾಲೆ ಶುರುವಾಗುವುದು ಮಾರ್ಚ್‌ನಲ್ಲಿ, ನೀವು ಬರುವುದು ಸರಿಯಾದ ಸಮಯಕ್ಕೇ. ಕೆಲವು ಶಾಲೆಗಳಲ್ಲಿ ಹೊರದೇಶದಿಂದ ಬಂದ ಮಕ್ಕಳಿಗೆ ಪ್ರತ್ಯೇಕ ಕೊರಿಯನ್ ಕ್ಲಾಸು ಇರುತ್ತದೆ. ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಆ ಬಡಾವಣೆಯ ಶಾಲೆಯಲ್ಲಿ ಅದು ಇದೆಯಾ ಅಂತ ಯಜಮಾನರಿಗೆ ವಿಚಾರಿಸಲು ಹೇಳಿ. ಮನೆ ಎಲ್ಲಿದೆ ಅನ್ನುವುದರ ಮೇಲೇ ಶಾಲೆ ತೀರ್ಮಾನ ಆಗುತ್ತದೆ.

ಚಿಕ್ಕ ಕ್ಲಾಸಿನಲ್ಲಿ ಉಕ್ತಲೇಖನ ಇದೆ, ಬಾದಾಸ್ಸುಗಿ ಅನ್ನುತ್ತಾರೆ. ವಾಕ್ಯಗಳ ಪಟ್ಟಿ ಮೊದಲೇ ಮನೆಗೆ ಬರುತ್ತದೆ. ಚೌಕಳಿ ಪುಸ್ತಕದಲ್ಲಿ ಪದದ ನಡುವೆ ಜಾಗ ಬಿಡುವುದನ್ನೂ ನೋಡುತ್ತಾರೆ. ಇನ್ನೊಂದು ಚಿತ್ರದ ಡೈರಿ: ಪುಟದ ಮೇಲರ್ಧ ಚಿತ್ರ, ಕೆಳಗೆ ಚೌಕಳಿಯಲ್ಲಿ ನಾಲ್ಕು ಸಾಲು. ನಿಮ್ಮ ಮಗನಿಗೆ ಅದು ಒಗ್ಗುತ್ತದೆ. ಬರೆಯಲು ಬಾರದಿದ್ದರೂ ಚಿತ್ರ ಬರೆಯಬಹುದಲ್ಲ. ದಿನಾ ಏನು ತರಬೇಕು, ಏನು ಹೋಮ್‌ವರ್ಕ್ ಅನ್ನುವುದನ್ನು ಅಲ್ಲಿಮ್‌ಜಾಂಗ್ ಎಂಬ ಪುಸ್ತಕದಲ್ಲಿ ಬರೆಸಿ ಕಳಿಸುತ್ತಾರೆ. ಕ್ಲಾಸನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ.

ಊಟ. ತಿಂಗಳ ಶುರುವಿಗೆ ಮೆನು ಹಾಳೆ ಬರುತ್ತದೆ. ಪ್ರತಿ ತಿಂಡಿಯ ಪಕ್ಕ ಪುಟ್ಟ ಅಂಕಿಗಳಿರುತ್ತವೆ. ಅದು ಅಲರ್ಜಿ ಇರುವವರಿಗೆ ಅಂತ ಕೊಟ್ಟದ್ದು, ನಮ್ಮಂಥ ಸಸ್ಯಾಹಾರಿಗಳಿಗೆ ವರ. 1 ಮೊಟ್ಟೆ, 2 ಹಾಲು, 5 ಸೋಯಾ, 6 ಗೋಧಿ, 9 ಸೀಗಡಿ, 10 ಹಂದಿ, 15 ಕೋಳಿ, 16 ದನ, 17 ಸ್ಕ್ವಿಡ್. ಮಗಳು ಬೆಳಿಗ್ಗೆ ಹಾಳೆ ನೋಡಿ ಯಾವುದು ಹಾಕಿಸಿಕೊಳ್ಳಬೇಕು ಅಂತ ತಾನೇ ಗುರುತು ಮಾಡಿಕೊಳ್ಳುತ್ತಾಳೆ. ಒಂದು ವಿಷಯ ಗಮನದಲ್ಲಿರಲಿ: ಒಣ ಮೀನಿನ ಕಟ್ಟು ಆ ಪಟ್ಟಿಯಲ್ಲಿ ಇಲ್ಲ. ಇಲ್ಲಿಯ ಸಾರು ಬಹುಪಾಲು ನೆತ್ತಲಿ ಮೀನು ಕುದಿಸಿದ ನೀರಿನಲ್ಲೇ. ಕಿಮ್ಚಿಗೂ (ಕೋಸಿನಿಂದ ಮಾಡುವ ಇಲ್ಲಿಯ ಉಪ್ಪಿನಕಾಯಿ) ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನು ಸೇರಿಸುವುದು ರೂಢಿ. ನಾವು ಟೀಚರ್ ಹತ್ತಿರ ಮಾತಾಡಿ ಮನೆಯಿಂದ ಒಂದು ಪಲ್ಯ ಕಳಿಸುತ್ತೇವೆ. ಒಪ್ಪಿದ್ದಾರೆ.

ಕೊನೆಗೆ, ಟೇಕ್ವಾಂಡೊಗೆ ಹಾಕಿ. ಶಾಲೆ ಬಿಟ್ಟ ಮೇಲೆ ಹಳದಿ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ, ಮನೆಗೂ ಬಿಡುತ್ತದೆ. ನನ್ನ ಮಗಳ ಕೊರಿಯನ್ ಕ್ಲಾಸಿನಲ್ಲಿ ಬಂದದ್ದಕ್ಕಿಂತ ಆ ವ್ಯಾನಿನಲ್ಲಿ ಬಂದದ್ದೇ ಜಾಸ್ತಿ.

ಸರಸ್ವತಿಪುರಂ ಅಮ್ಮ:

ಟೀಚರ್ ಮೇಡಂ, ಯೊಂಗ್‌ತೊಂಗ್ ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕರಡಿ ಕಾರ್ಡ್ ಮಾಡಿದೆ. ಮಗ ಈಗ ಅದನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿದ್ದಾನೆ. ಮಗಳು ಮೇಡಂ ಹೇಳಿದ ಹಾಗೇ 'ಹ್ನ' ಅಂತಲೇ ಓದಿದಳು, ನನಗೆ ನಗು ತಡೆಯಲಾಗಲಿಲ್ಲ.

ಮಗ ಇಲ್ಲೇ ಟೇಕ್ವಾಂಡೊಗೆ ಹೋಗುತ್ತಾನೆ. ಅಲ್ಲಿ ಸರ್ "ಹನಾ, ದುಲ್, ಸೆತ್" ಅಂತ ಎಣಿಸುತ್ತಾರೆ. ಅದು ಕೊರಿಯನ್ನೇ ಅಂತ ನನಗೆ ಈಗ ಹೊಳೆಯಿತು! ಆದರೆ ಮಗಳ ಆ್ಯಪ್‌ನಲ್ಲಿ "ಇಲ್, ಇ, ಸಾಮ್" ಅಂತಿದೆ. ಯಾವುದು ಸರಿ? ಇನ್ನೊಂದು ಸ್ವರ, ಉ ಥರ ಇದ್ದು ಉ ಅಲ್ಲದ್ದು, ಅದು ನಮಗೆ ಯಾರಿಗೂ ಬರುತ್ತಿಲ್ಲ. ಮತ್ತೆ ದೊಡ್ಡವರ ಹತ್ತಿರ ಹೇಗೆ ಮಾತಾಡಬೇಕು ಅಂತ ಸ್ವಲ್ಪ ಹೇಳಿ. ಅತ್ತೆಯವರೂ ಬೇಸಿಗೆಗೆ ಬರುತ್ತಾರಂತೆ. ಅವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ.

ಕುಡ್ಲದ ಪೊಣ್ಣು:

ಆ ಸ್ವರಕ್ಕೆ ತುಳುವರ ಹತ್ತಿರ ಬನ್ನಿ! ನಮ್ಮಲ್ಲಿ ಕಲ್ಲ್, ನೀರ್ ಅನ್ನುವಾಗ ಕೊನೆಯಲ್ಲಿ ಬರುವ ಅರ್ಧ ಉ ಅದೇ. ತುಟಿ ಮುಂದಕ್ಕೆ ಚಾಚಬೇಡಿ, ಫೋಟೋಗೆ ನಗುವಾಗ ಇರುವ ಹಾಗೆ ಅಗಲ ಇಟ್ಟು ಉ ಹೇಳಿ. ಕೊರಿಯನ್ ಕ್ಲಾಸಿನಲ್ಲಿ ನಮ್ಮ ಟೀಚರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರಿಗೂ ಹೇಳಿಸಿದ್ದರು. ಬೇರೆ ಯಾವುದರಲ್ಲೂ ಹಾಗೆ ನಿಲ್ಲಿಸಲಿಲ್ಲ ಬಿಡಿ.

ಬನಶಂಕರಿ ಟೀಚರ್:

ಪೊಣ್ಣು ಹೇಳಿದ್ದು ನೂರಕ್ಕೆ ನೂರು. ನನ್ನ ಕ್ಲಾಸಿನಲ್ಲೂ ಮಂಗಳೂರಿನ ಮಕ್ಕಳೇ ಅದನ್ನು ಮೊದಲು ಹಿಡಿಯುವುದು.

ಎಣಿಕೆ ಎರಡೂ ಸರಿ. ಹನಾ ದುಲ್ ಅವರ ಸ್ವಂತದ್ದು, ಇಲ್ ಇ ಚೀನಾದಿಂದ ಬಂದದ್ದು. ವಸ್ತು ಎಣಿಸುವುದು, ವಯಸ್ಸು, ಗಂಟೆ ಇವಕ್ಕೆ ಹನಾ ದುಲ್. ದುಡ್ಡು, ತಾರೀಖು, ಫೋನ್ ನಂಬರು, ನಿಮಿಷ ಇವಕ್ಕೆ ಇಲ್ ಇ. ಗಡಿಯಾರ ಹೇಳುವಾಗ ಒಂದೇ ಉಸಿರಿನಲ್ಲಿ ಎರಡೂ ಬರುತ್ತದೆ. ಗಂಟೆಗೆ ಒಂದು, ನಿಮಿಷಕ್ಕೆ ಇನ್ನೊಂದು. ಮಗ ಒದೆಯುತ್ತಾ ಹನಾ ದುಲ್ ಕಲಿಯಲಿ, ಮಗಳು ಇಲ್ ಇ ಕಲಿಯಲಿ. ಆಮೇಲೆ ಇಬ್ಬರನ್ನೂ ಸೇರಿಸಿ ಗಂಟೆ ಕೇಳಿ. ಟೇಕ್ವಾಂಡೊದ 'ಚಾರ್ಯೊತ್' (ಸಾವಧಾನ), 'ಗ್ಯೊಂಗ್ನೆ' (ವಂದನೆ), 'ಶಿಜಾಕ್' (ಶುರು) ಮೂರೂ ಶಾಲೆಯಲ್ಲಿ ಕೆಲಸಕ್ಕೆ ಬರುತ್ತವೆ.

ಮಗನಿಗೆ ಇನ್ನೊಂದು ದಾರಿ ಹೇಳುತ್ತೇನೆ. ನಿಮ್ಮ ಅತ್ತೆಯವರ ಹತ್ತಿರ ಚೌಕಾಬಾರದ ಕವಡೆ ಇದ್ದೇ ಇರುತ್ತದೆ. ಕೊರಿಯಾದಲ್ಲಿ ಸೊಲ್ಲಾಲ್ ಅಂದರೆ ಚಾಂದ್ರಮಾನ ಹೊಸ ವರ್ಷಕ್ಕೆ ಮನೆಮಂದಿಯೆಲ್ಲ ಯುನ್ನೊರಿ ಆಡುತ್ತಾರೆ. ಅವರದು ನಾಲ್ಕು ಕಡ್ಡಿ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಎಸೆದಾಗ ಒಂದು ಕಡ್ಡಿಯ ಚಪ್ಪಟೆ ಬದಿ ಮೇಲೆ ಬಂದರೆ ದೊ, ಒಂದು ಮನೆ. ಎರಡಕ್ಕೆ ಗೆ, ಮೂರಕ್ಕೆ ಗೊಲ್. ನಾಲ್ಕೂ ಚಪ್ಪಟೆ ಆದರೆ ಯುತ್, ನಾಲ್ಕು ಮನೆ. ನಾಲ್ಕೂ ಉಬ್ಬು ಆದರೆ ಮೊ, ಐದು ಮನೆ. ನಮ್ಮಲ್ಲಿ ನಾಲ್ಕೂ ಬೋರಲು ಬಿದ್ದರೆ ಎಂಟು, ಅಲ್ಲಿ ಐದು, ಅಷ್ಟೇ ವ್ಯತ್ಯಾಸ. ಚೌಕ, ಬಾರಕ್ಕೆ ಮತ್ತೊಂದು ಆಟ ಸಿಗುವ ಹಾಗೆ ಯುತ್, ಮೊ ಬಿದ್ದರೂ ಸಿಗುತ್ತದೆ. ಎದುರಾಳಿಯ ಕಾಯಿ ಕಡಿದರೂ ಸಿಗುತ್ತದೆ. ಆ ಐದು ಹೆಸರು ಕ್ರಮವಾಗಿ ಹಂದಿ, ನಾಯಿ, ಕುರಿ, ಹಸು, ಕುದುರೆ. ಕಾಯಿಗೆ 'ಮಲ್' ಅನ್ನುತ್ತಾರೆ, ಅದೂ ಕುದುರೆಯೇ. ತಮ್ಮದೇ ಎರಡು ಕಾಯಿ ಒಂದೇ ಮನೆಯಲ್ಲಿ ಸೇರಿದರೆ ಒಂದರ ಮೇಲೊಂದು ಹೊತ್ತುಕೊಂಡು ಜೊತೆಗೆ ನಡೆಸಬಹುದು. ಸಿಕ್ಕಿಬಿದ್ದರೆ ಎರಡೂ ಹೋಗುತ್ತವೆ! ಕಡ್ಡಿ ಇಲ್ಲದಿದ್ದರೆ ಕವಡೆಯಲ್ಲೇ ಆಡಿ. ಬಾಯಿ ಇರುವ ಬದಿಯನ್ನು ಚಪ್ಪಟೆ ಅಂದುಕೊಳ್ಳಿ. ಅಜ್ಜಿಯನ್ನೂ ಕೂರಿಸಿ. ಎಣಿಸುವಾಗ ಮಾತ್ರ ಕೊರಿಯನ್ ಅನ್ನುವುದು ಒಂದೇ ಷರತ್ತು.

ಮರ್ಯಾದೆಯ ವಿಷಯ ನಮ್ಮ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. 'ಬಾ', 'ಬನ್ನಿ' ಗೊತ್ತಲ್ಲ. ಅಲ್ಲಿ ಅದು ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. 'ಮೊಗೊ' ಅಂದರೆ ಏಕವಚನ, 'ಮೊಗೊಯೊ' ಅಂದರೆ ಮರ್ಯಾದೆ. ನಿಮ್ಮ ಮಗಳ ವಿಷಯದಲ್ಲಿ ಇಲ್ಲೇ ಹುಷಾರಾಗಿರಬೇಕು. ಹಾಡಿನಲ್ಲಿ, ಸೀರಿಯಲ್ಲಿನಲ್ಲಿ ಬರುವುದು ಬಹಳಷ್ಟು ಏಕವಚನ. ಅದನ್ನೇ ಕಲಿತುಕೊಂಡು ಹೋಗಿ ಹೆಡ್‌ಮಾಸ್ಟರಿಗೆ ಹೇಳಿದರೆ ಕಥೆ ಮುಗಿಯಿತು. ಮೊದಲ ಆರು ತಿಂಗಳು ಎಲ್ಲದಕ್ಕೂ 'ಯೊ' ಹಚ್ಚಲಿ. ಗೆಳತಿಯರು ಬೇಡ ಅಂದಾಗ ಬಿಡಲಿ.

ಒಂದು ಕ್ಲಾಸು ಮೇಲಿನವರನ್ನೂ ಹೆಸರು ಹಿಡಿದು ಕೂಗಬಾರದು. ದೊಡ್ಡ ಹುಡುಗಿಯನ್ನು ನಿಮ್ಮ ಮಗಳು 'ಒನ್ನಿ' ಅನ್ನಬೇಕು, ಮಗ 'ನುನಾ' ಅನ್ನಬೇಕು. ದೊಡ್ಡ ಹುಡುಗನಿಗೆ ಮಗಳು 'ಒಪ್ಪಾ', ಮಗ 'ಹ್ಯೊಂಗ್'. ಟೀಚರಿಗೆ ಗಂಡಸಾಗಲಿ ಹೆಂಗಸಾಗಲಿ 'ಸೊನ್‌ಸೆಂಗ್‌ನಿಮ್'. ಯಾರು ದೊಡ್ಡವರು ಅಂತ ತಿಳಿಯಬೇಕಲ್ಲ, ಅದಕ್ಕೇ ಸಿಕ್ಕ ಕೂಡಲೇ ಎಷ್ಟನೇ ಕ್ಲಾಸು ಅಂತ ಕೇಳುತ್ತಾರೆ. ಅದಕ್ಕೆ ಕೊರಿಯನ್‌ನಲ್ಲಿ ಉತ್ತರ ಬಾಯಿಪಾಠ ಇರಲಿ. ವಯಸ್ಸಿನ ಲೆಕ್ಕವೂ ಮೊದಲು ಗೋಜಲಾಗಿತ್ತು, ಹುಟ್ಟಿದ ದಿನವೇ ಒಂದು ವರ್ಷ ಅಂತ ಹಿಡಿಯುತ್ತಿದ್ದರು. ಜೂನ್ 2023ರಿಂದ ಕಾನೂನಿನ ಪ್ರಕಾರ ನಮ್ಮ ಹಾಗೆ ಲೆಕ್ಕ. ಮಾತಿನಲ್ಲಿ ಹಳೆಯದೂ ಕೇಳಿಬರುತ್ತದೆ.

ದೊಡ್ಡವರಿಗೆ ಏನಾದರೂ ಕೊಡುವಾಗ, ತೆಗೆದುಕೊಳ್ಳುವಾಗ ಎರಡು ಕೈ. ಊಟಕ್ಕೆ ದೊಡ್ಡವರು ಮೊದಲು ಕೈ ಹಾಕಲಿ. ಅನ್ನಕ್ಕೂ ಸಾರಿಗೂ ಚಮಚ, ಪಲ್ಯಕ್ಕೆ ಕಡ್ಡಿ. ಬಟ್ಟಲು ಎತ್ತಿ ಬಾಯಿಗೆ ಹಿಡಿಯಬಾರದು. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಲೇಬಾರದು, ಅದು ತಿಥಿಯ ಎಡೆಗೆ ಮಾಡುವಂಥದ್ದು. ಇನ್ನೊಂದು, ಯಾರ ಹೆಸರನ್ನೂ ಕೆಂಪು ಪೆನ್ನಿನಲ್ಲಿ ಬರೆಯಬಾರದು. ಸತ್ತವರ ಹೆಸರು ಹಾಗೆ ಅಂತ ನಂಬಿಕೆ. ಮಗಳ ಪೆನ್ಸಿಲ್ ಬಾಕ್ಸಿನಿಂದ ಬಣ್ಣದ ಜೆಲ್ ಪೆನ್ನು ತೆಗೆಯಬೇಡಿ, ಇದನ್ನು ಮಾತ್ರ ಹೇಳಿಡಿ.

ಅತ್ತೆಯವರಿಗೆ ಒಳ್ಳೆಯ ಸುದ್ದಿ. ಅಲ್ಲಿಯ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಚಲ್ ಉಮ್ಶಿಕ್ ಅಂತ ಹೆಸರು. ಆ ಬಗೆಯ ಹೋಟೆಲುಗಳೂ ಇವೆ, ದುಬಾರಿ ಅಷ್ಟೆ. ದಿನನಿತ್ಯಕ್ಕೆ ಬೇಳೆ, ಸಾರಿನ ಪುಡಿ ತುಂಬಿಕೊಂಡು ಹೋಗುವುದೇ ಸರಿ.

ಸರಸ್ವತಿಪುರಂ ಅಮ್ಮ:

ಅತ್ತೆಯವರು ಕವಡೆ ಡಬ್ಬಿ ಹುಡುಕಲು ಅಟ್ಟ ಹತ್ತಿಸಿದ್ದಾರೆ! ಒಂದೇ ಒಂದು ಪ್ರಶ್ನೆ ಉಳಿದಿದೆ. ಶಾಲೆಯ ಒಳಗೆ ಬೇರೆ ಶೂ ಹಾಕಬೇಕಂತೆ, ಅದನ್ನು ಇಲ್ಲಿಂದಲೇ ತರಬೇಕಾ?

ಯೊಂಗ್‌ತೊಂಗ್ ಅಪ್ಪ:

ಬೇಡ. ಶಿಲ್ಲೆಹ್ವಾ ಅಂತ ಕೇಳಿ, ಶಾಲೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಹಾಕಿಡಲು ಚೀಲವೂ ಅಲ್ಲೇ. ಇಲ್ಲಿ ಶೂ ಸೈಜು ಮಿಲಿಮೀಟರಿನಲ್ಲಿ. ಹೊರಡುವ ವಾರ ಇಬ್ಬರ ಪಾದವನ್ನೂ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ, 5 ಮಿಲಿಮೀಟರ್ ದೊಡ್ಡದೇ ತೆಗೆದುಕೊಳ್ಳಿ.